ಮಗುವಿಗೆ ಕ್ಯಾನ್ಸರ್ ಎಂದಾಗ: ಮೊದಲ ವಾರವೇ ಕೇಳಿ

ವಿಲ್ಸನ್ ಗಾರ್ಡನ್‌ನಿಂದ ಡೇರಿ ಸರ್ಕಲ್ ಕಡೆಗೆ ಹೊಸೂರು ರಸ್ತೆ ಹಿಡಿದರೆ ಲಕ್ಕಸಂದ್ರದ ಹತ್ತಿರ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, ಅಂದರೆ ಕ್ಯಾನ್ಸರ್ ಆಸ್ಪತ್ರೆ ಸಿಗುತ್ತದೆ. ಅದರ ಮಗ್ಗುಲಿಗೆ ನಿಮ್ಹಾನ್ಸ್, ಅದರಾಚೆ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ. ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ರಾಯಚೂರು, ಬಳ್ಳಾರಿ, ಚಿತ್ರದುರ್ಗ, ಅನಂತಪುರದ ಬಸ್ಸಿಳಿದು ಸಿಟಿ ಬಸ್ ಹತ್ತಿ ಇಲ್ಲಿಗೆ ಬರುವ ಅಪ್ಪ-ಅಮ್ಮಂದಿರನ್ನು ದೂರದಿಂದಲೇ ಗುರುತು ಹಿಡಿಯಬಹುದು. ಒಬ್ಬರ ಹೆಗಲ ಮೇಲೆ ಮಗು, ಇನ್ನೊಬ್ಬರ ಕೈಯಲ್ಲಿ ಊರಿನ ಡಾಕ್ಟರು ಕೊಟ್ಟ ಚೀಟಿ, ಎಕ್ಸ್‌ರೇ ಕವರು, ಒಂದು ಜೊತೆ ಬಟ್ಟೆ ಇರುವ ಚೀಲ. ಎರಡು ದಿನದಲ್ಲಿ ವಾಪಸಾಗುತ್ತೇವೆ ಎಂದುಕೊಂಡು ಬಂದಿರುತ್ತಾರೆ. ದನ-ಕರುಗಳನ್ನು ಪಕ್ಕದ ಮನೆಯವರಿಗೆ ನೋಡಿಕೊಳ್ಳಲು ಹೇಳಿರುತ್ತಾರೆ, ದೊಡ್ಡ ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟಿರುತ್ತಾರೆ. ಇಲ್ಲಿ ಕೂತ ಮೇಲೆ ಡಾಕ್ಟರು ಎರಡು ವರ್ಷದ ಚಿಕಿತ್ಸೆ ಎನ್ನುತ್ತಾರೆ.

ಮಕ್ಕಳ ಕ್ಯಾನ್ಸರ್ ವಾರ್ಡುಗಳಲ್ಲಿ ಬಹುಕಾಲ ಕೆಲಸ ಮಾಡಿದ ನಾನು ಹೊಸದಾಗಿ ಬರುವ ಪೋಷಕರಿಗೆ ಮೊದಲು ಹೇಳುವ ಮಾತು ಔಷಧಿಯದ್ದಲ್ಲ. ಸಹಾಯ ಕೇಳಿ, ಮೊದಲ ವಾರವೇ ಕೇಳಿ, ನಾಚಿಕೆ ಬೇಡ. ಕೈಯಲ್ಲಿದ್ದ ದುಡ್ಡು ಮುಗಿದು, ಒಡವೆ ಅಡವಿಟ್ಟು, ಸಾಲ ಮಾಡಿ, ಇನ್ನು ಆಗದು ಎಂದಾಗ ಬಾಯಿ ಬಿಡುವವರೇ ಹೆಚ್ಚು. ಅಷ್ಟರಲ್ಲಿ ಒಂದೆರಡು ಕೀಮೋ ತಪ್ಪಿಹೋಗಿರುತ್ತದೆ.

ಇದಕ್ಕೊಂದು ಲೆಕ್ಕವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 4 ಲಕ್ಷ ಮಕ್ಕಳಿಗೆ ಮತ್ತು ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ಅವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ಮತ್ತು ಮಧ್ಯಮ ಆದಾಯದ ಅನೇಕ ದೇಶಗಳಲ್ಲಿ ಈ ಸಂಖ್ಯೆ 30 ದಾಟುವುದಿಲ್ಲ. ಬಳಸುವ ಮುಖ್ಯ ಔಷಧಿಗಳು ಎರಡೂ ಕಡೆ ಹೆಚ್ಚುಕಡಿಮೆ ಅವೇ, ಎಷ್ಟೋ ದಶಕಗಳಷ್ಟು ಹಳೆಯವು. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಕಾಯಿಲೆ ತಡವಾಗಿ ಗೊತ್ತಾಗುವುದು, ಚಿಕಿತ್ಸೆಯ ನಡುವೆ ಸೋಂಕು ತಗಲುವುದು, ಅರ್ಧಕ್ಕೇ ಚಿಕಿತ್ಸೆ ಬಿಟ್ಟು ಊರಿಗೆ ಹೋಗುವುದು. ಈ ಕೊನೆಯದನ್ನು ತಡೆಯುವ ಔಷಧಿ ಯಾವ ಫಾರ್ಮಸಿಯಲ್ಲೂ ಸಿಗುವುದಿಲ್ಲ. ಉಳಿದುಕೊಳ್ಳಲು ಜಾಗ, ಬಸ್ ಚಾರ್ಜು, ಎರಡು ಹೊತ್ತಿನ ಊಟ, ಧೈರ್ಯ ಹೇಳುವ ಒಬ್ಬರು: ಇಷ್ಟಿದ್ದರೆ ಚಿಕಿತ್ಸೆ ಮುಗಿಯುತ್ತದೆ. ಆದ್ದರಿಂದ ಧರ್ಮಶಾಲೆಯ ಅರ್ಜಿಯನ್ನೂ ನಾನು ಔಷಧಿ ಚೀಟಿಯ ಜೊತೆಗೇ ಲೆಕ್ಕ ಹಾಕುತ್ತೇನೆ.

ಮೊದಲು ಮನಸ್ಸಿನ ಮೇಲಿನ ಒಂದು ಭಾರ ಇಳಿಸೋಣ. ಮಕ್ಕಳಿಗೆ ಕ್ಯಾನ್ಸರ್ ಬರುವುದು ಅಪ್ಪ-ಅಮ್ಮ ಮಾಡಿದ ಯಾವ ತಪ್ಪಿನಿಂದಲೂ ಅಲ್ಲ. ಗರ್ಭಿಣಿಯಾಗಿದ್ದಾಗ ಗ್ರಹಣ ನೋಡಿದ್ದರಿಂದಲ್ಲ, ದೃಷ್ಟಿಯಿಂದಲ್ಲ, ಪೂರ್ವಜನ್ಮದ ಕರ್ಮದಿಂದಲ್ಲ, ಬಿಸ್ಕತ್ತು-ಚಾಕೊಲೇಟಿನಿಂದಲೂ ಅಲ್ಲ. ದೊಡ್ಡವರಿಗೆ ಬರುವ ಎಷ್ಟೋ ಕ್ಯಾನ್ಸರುಗಳಿಗೆ ತಂಬಾಕಿನಂಥ ಕಾರಣ ತೋರಿಸಬಹುದು. ಮಕ್ಕಳಲ್ಲಿ ಬಹುಪಾಲು ಹಾಗೆ ಬೊಟ್ಟು ಮಾಡುವಂಥದ್ದು ಏನೂ ಇರುವುದಿಲ್ಲ. ಬೆಳೆಯುವ ಜೀವಕೋಶವೊಂದರಲ್ಲಿ ಆದ ಬದಲಾವಣೆ ಅದು. ವಂಶದಿಂದ ಬರುವುದು ಕೆಲವು ಮಕ್ಕಳಿಗೆ ಮಾತ್ರ. ಕಣ್ಣಿನ ಕ್ಯಾನ್ಸರ್ ಆದ ರೆಟಿನೊಬ್ಲಾಸ್ಟೊಮಾದಲ್ಲಿ ಆ ಸಾಧ್ಯತೆ ಇರುವುದರಿಂದ ತಮ್ಮ-ತಂಗಿಯರ ಕಣ್ಣನ್ನೂ ಪರೀಕ್ಷೆ ಮಾಡಿಸಲು ಹೇಳುತ್ತಾರೆ. ಕ್ಯಾನ್ಸರ್ ಅಂಟುರೋಗವೂ ಅಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ ಮನೆಯವರಿಗೇನೂ ಆಗುವುದಿಲ್ಲ. ಅಪಾಯ ಏನಿದ್ದರೂ ಮನೆಯವರ ನೆಗಡಿ-ಕೆಮ್ಮು ಮಗುವಿಗೆ ಹತ್ತುವುದು. ಅತ್ತೆಮನೆಯಲ್ಲಿ ಸೊಸೆಯ ಕಡೆಗೆ ಬೆರಳು ತೋರಿಸುವ ರೂಢಿ ಇನ್ನೂ ಹೋಗಿಲ್ಲ. ಅಂಥ ಮಾತು ಬಂದರೆ ಆ ಹಿರಿಯರನ್ನೇ ಒಂದು ದಿನ ಡಾಕ್ಟರ ಹತ್ತಿರ ಕರೆತನ್ನಿ. ಡಾಕ್ಟರ ಬಾಯಿಂದ ಕೇಳಿದರೆ ನಂಬುತ್ತಾರೆ.

ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ರಕ್ತದ ಕ್ಯಾನ್ಸರ್. ಅದರಲ್ಲೂ 'ಎ.ಎಲ್.ಎಲ್.' ಎಂದು ಫೈಲಿನ ಮೇಲೆ ಬರೆಯುವ ಬಗೆ. ಮೊದಲ ಆರೆಂಟು ತಿಂಗಳು ಆಸ್ಪತ್ರೆಯೇ ಮನೆ. ಆಮೇಲೆ ಒಂದೂವರೆ-ಎರಡು ವರ್ಷ ಮನೆಯಲ್ಲೇ ಮಾತ್ರೆ, ನಡುನಡುವೆ ಬಂದು ರಕ್ತಪರೀಕ್ಷೆ. ಈ ಎರಡನೆಯ ಭಾಗದಲ್ಲೇ ಜನ ಸಡಿಲ ಬಿಡುವುದು. ಮಗು ಓಡಾಡುತ್ತಿದೆ, ಕೂದಲು ಬಂದಿದೆ, ಶಾಲೆಗೂ ಹೋಗುತ್ತಿದೆ. ಇನ್ನೇಕೆ ಮಾತ್ರೆ ಎನಿಸುತ್ತದೆ. ದಯವಿಟ್ಟು ಬಿಡಬೇಡಿ. ಮಾತ್ರೆ ತಪ್ಪಿದಷ್ಟೂ ಕಾಯಿಲೆ ಮರಳುವ ಸಾಧ್ಯತೆ ಹೆಚ್ಚು. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ರಾತ್ರಿ ಮಗುವಿನ ಕೈಯಲ್ಲೇ ಒಂದು ಗುರುತು ಹಾಕಿಸಿ.

ಇಲ್ಲೊಂದು ಮಾತು ಹೇಳಬೇಕು. ಈ ಮಕ್ಕಳಿಗೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಇಂಜೆಕ್ಷನ್ ಬಂದದ್ದು ನಮ್ಮ ಅಂಗಳದ ನಿತ್ಯಪುಷ್ಪದ ಗಿಡದಿಂದ. ಆದರೆ ಈ ವಿಷಯ ಕೇಳಿದವರಲ್ಲಿ ಕೆಲವರು ಗಿಡದ ಎಲೆ ಕಿತ್ತು ಕಷಾಯ ಮಾಡಿ ಮಗುವಿಗೆ ಕುಡಿಸಿಬಿಡುತ್ತಾರೆ. ಇಂಜೆಕ್ಷನ್ನಿನಲ್ಲಿರುವುದು ಮಗುವಿನ ಮೈಯಳತೆಗೆ ತಕ್ಕಂತೆ ಮಿಲಿಗ್ರಾಂ ಲೆಕ್ಕದಲ್ಲಿ ಅಳೆದ ಔಷಧಿ. ಎಲೆಯಲ್ಲಿ ಎಷ್ಟಿದೆ, ಜೊತೆಗೆ ಇನ್ನೇನಿದೆ ಎಂದು ಹೇಳಲು ಬರುವುದಿಲ್ಲ. ಕಷಾಯ, ಲೇಹ್ಯ, ಪಪ್ಪಾಯಿ ಎಲೆಯ ರಸ, ಯಾರೋ ಕೊಟ್ಟ ಪುಡಿ ಏನೇ ಇದ್ದರೂ ಕೊಡುವ ಮುಂಚೆ ಡಾಕ್ಟರಿಗೆ ತೋರಿಸಿ. ಬೈಯುತ್ತಾರೆ ಎಂದು ಮುಚ್ಚಿಟ್ಟರೆ, ಲಿವರ್ ರಿಪೋರ್ಟು ಕೆಟ್ಟಾಗ ಕಾರಣ ಹುಡುಕಲು ಅವರಿಗೆ ದಾರಿಯೇ ಇರುವುದಿಲ್ಲ.

ಈಗ ದುಡ್ಡಿನ ಮಾತು. 1973ರಲ್ಲಿ ಶುರುವಾಗಿ 1980ರಿಂದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಗಿರುವ ಕಿದ್ವಾಯಿ ಸರ್ಕಾರಿ ಅನುದಾನದ ಸಂಸ್ಥೆ, ಖರ್ಚು ಖಾಸಗಿಗಿಂತ ಎಷ್ಟೋ ಕಡಿಮೆ. ಹಾಗೆಂದು ಕೈಯಿಂದ ಏನೂ ಹೋಗುವುದಿಲ್ಲ ಎಂದಲ್ಲ. ಮೊದಲು ಹೋಗಬೇಕಾದದ್ದು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಕೌಂಟರಿಗೆ. ಅಲ್ಲಿ ಕೂರುವವರನ್ನು ಆರೋಗ್ಯ ಮಿತ್ರ ಎನ್ನುತ್ತಾರೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದರಲ್ಲಿದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ನೂರಕ್ಕೆ 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ ಸರ್ಕಾರ ಕೊಡುತ್ತದೆ. ಬೇಕಾಗುವುದು ರೇಷನ್ ಕಾರ್ಡು, ಆಧಾರ್. ತೊಡಕು ಬರುವುದು ಇಲ್ಲಿಯೇ: ಚಿಕ್ಕ ಮಗುವಿನ ಹೆಸರು ರೇಷನ್ ಕಾರ್ಡಿಗೆ ಸೇರಿರುವುದಿಲ್ಲ, ಆಧಾರ್ ಮಾಡಿಸಿರುವುದಿಲ್ಲ, ಅಥವಾ ಒಂದರಲ್ಲಿ 'ಮಂಜುನಾಥ', ಇನ್ನೊಂದರಲ್ಲಿ 'ಮಂಜು' ಎಂದಿರುತ್ತದೆ. ಅಪ್ಪ-ಅಮ್ಮ ಇಬ್ಬರೂ ಇಲ್ಲಿ ಕೂರುವ ಬದಲು ಊರಲ್ಲಿರುವ ಚಿಕ್ಕಪ್ಪನಿಗೋ ಸೋದರಮಾವನಿಗೋ ಈ ಕೆಲಸ ಒಪ್ಪಿಸಿ. 'ಏನಾದರೂ ಸಹಾಯ ಬೇಕಾದರೆ ಹೇಳಿ' ಎಂದು ಫೋನು ಮಾಡುವ ನೆಂಟರಿಗೆ ಹೇಳಲು ಇದಕ್ಕಿಂತ ಒಳ್ಳೆಯ ಸಹಾಯ ಇನ್ನೊಂದಿಲ್ಲ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಇದ್ದರೆ ಅವನ್ನೂ ತರಿಸಿಕೊಳ್ಳಿ.

ಯೋಜನೆಗೆ ಒಳಪಡದ ಔಷಧಿ, ಪರೀಕ್ಷೆಗಳಿಗೆ ಬೇರೆ ಬಾಗಿಲುಗಳಿವೆ. ಮುಖ್ಯಮಂತ್ರಿಗಳ ಪರಿಹಾರ ನಿಧಿ, ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿ, 1951ರಿಂದ ಇರುವ ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕ್ಯಾನ್ಸರ್ ಕ್ಯೂರ್ ಫಂಡ್, ಮಕ್ಕಳ ಕ್ಯಾನ್ಸರಿಗೆಂದೇ 2004ರಲ್ಲಿ ದೆಹಲಿಯಲ್ಲಿ ಶುರುವಾದ ಕ್ಯಾನ್‌ಕಿಡ್ಸ್. ಕ್ಯಾನ್‌ಕಿಡ್ಸ್ ಕಟ್ಟಿದ ಪೂನಂ ಬಗಾಯ್ ಸ್ವತಃ ಕ್ಯಾನ್ಸರ್ ಗೆದ್ದವರು. ಇವುಗಳಲ್ಲಿ ಯಾವುದಕ್ಕೂ ನೀವೇ ನೇರವಾಗಿ ಅಲೆಯಬೇಡಿ. ಆಸ್ಪತ್ರೆಯ ಸೋಷಿಯಲ್ ವರ್ಕರ್ ಹತ್ತಿರ ಹೋಗಿ. ಯಾವ ಸಂಸ್ಥೆ ಈಗ ಯಾವ ವಾರ್ಡಿನಲ್ಲಿ ಕೆಲಸ ಮಾಡುತ್ತಿದೆ, ಯಾವ ಅರ್ಜಿಗೆ ಯಾರ ಸಹಿ ಬೇಕು, ಖರ್ಚಿನ ಅಂದಾಜುಪಟ್ಟಿ ಎಲ್ಲಿ ಬರೆಸಬೇಕು ಎಂಬುದು ಅವರಿಗೆ ಗೊತ್ತಿರುತ್ತದೆ. ಒಂದು ಎಚ್ಚರಿಕೆಯ ಮಾತು: ಎಷ್ಟೋ ನಿಧಿಗಳು ಆಗಲೇ ಕಟ್ಟಿದ ಬಿಲ್ಲಿನ ಹಣ ವಾಪಸು ಕೊಡುವುದಿಲ್ಲ, ಮುಂದಿನ ಚಿಕಿತ್ಸೆಗೆ ಮಾತ್ರ ನೇರವಾಗಿ ಆಸ್ಪತ್ರೆಗೆ ಕೊಡುತ್ತವೆ. ಸಾಲ ಮಾಡುವ ಮೊದಲು ಅರ್ಜಿ ಹಾಕಿ ಎನ್ನುವುದು ಅದಕ್ಕೇ. ಮಗುವಿನ ಫೋಟೊ ಹಾಕಿ ಮೊಬೈಲಿನಲ್ಲಿ ದುಡ್ಡು ಎತ್ತಿಕೊಡುತ್ತೇವೆ ಎಂದು ಗೇಟಿನ ಹತ್ತಿರ ಬರುವವರ ವಿಷಯದಲ್ಲಿ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಸೋಷಿಯಲ್ ವರ್ಕರನ್ನು ಕೇಳದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಉಳಿದುಕೊಳ್ಳುವುದು ಎರಡನೆಯ ಕಷ್ಟ. ಕಿದ್ವಾಯಿ ಆವರಣದಲ್ಲಿ ಇನ್ಫೋಸಿಸ್ ಫೌಂಡೇಶನ್ ಕಟ್ಟಿಸಿಕೊಟ್ಟ ಧರ್ಮಶಾಲೆ ಇದೆ. ಅಲ್ಲಿ ಜಾಗ ಸಿಗದಿದ್ದರೆ ಸುತ್ತಮುತ್ತ ಬಾಡಿಗೆ ಕೋಣೆಗಳು ಸಿಗುತ್ತವೆ, ಆದರೆ ಕೀಮೋ ನಡೆಯುತ್ತಿರುವ ಮಗುವಿಗೆ ಎಂಟು ಜನ ಮಲಗುವ ಕೋಣೆಗಿಂತ ಕಿಟಕಿ ಇರುವ ಚಿಕ್ಕ ಕೋಣೆಯೇ ವಾಸಿ. ಮಕ್ಕಳ ಕ್ಯಾನ್ಸರ್ ಕುಟುಂಬಗಳಿಗೆಂದೇ ಉಚಿತ ವಸತಿ ನಡೆಸುವ ಸಂಸ್ಥೆಗಳು ದೇಶದ ಹಲವು ಊರುಗಳಲ್ಲಿವೆ. 2006ರಲ್ಲಿ ಮುಂಬೈಯಲ್ಲಿ ಶುರುವಾದ ಸೇಂಟ್ ಜೂಡ್ ಅವುಗಳಲ್ಲಿ ದೊಡ್ಡದು. ಮುಂದಿನ ಚಿಕಿತ್ಸೆಗೆ ಮುಂಬೈಗೋ ವೆಲ್ಲೂರಿಗೋ ಕಳಿಸಿದರೆ ಹೊರಡುವ ಮೊದಲೇ ಅಲ್ಲಿಯ ವಸತಿಗೆ ಪತ್ರ ಬರೆಸಿಕೊಳ್ಳಿ.

ಓಡಾಟಕ್ಕೆ ರೈಲಿನ ರಿಯಾಯಿತಿ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಬರುವ ಒಬ್ಬರಿಗೆ ನೂರಕ್ಕೆ 75ರಷ್ಟು ಕಡಿತ. ರೈಲ್ವೆಯ ನಮೂನೆಯಲ್ಲಿ ಆಸ್ಪತ್ರೆಯ ಪ್ರಮಾಣಪತ್ರ ಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಅಮ್ಮನಿಗೂ ಹೆಣ್ಣುಮಗುವಿಗೂ ಟಿಕೆಟ್ ಇಲ್ಲ. ಆಧಾರ್ ಕೈಯಲ್ಲಿದ್ದರೆ ಸಾಕು. ಇದರಿಂದ ಚೆಕಪ್ ತಪ್ಪಿಸುವುದು ಕಡಿಮೆಯಾಗಬೇಕು. ಬಿಳಿ ರಕ್ತಕಣದ ಕೌಂಟ್ ಕಡಿಮೆ ಇರುವ ದಿನಗಳಲ್ಲಿ ಮಾತ್ರ ಕಿಕ್ಕಿರಿದ ಬಸ್ಸು ಬೇಡ. ಎಲ್ಲದಕ್ಕೂ ಬೆಂಗಳೂರಿಗೇ ಬರಬೇಕೆಂದೂ ಇಲ್ಲ. ಕಲಬುರಗಿಯಲ್ಲಿ ಕಿದ್ವಾಯಿಯದೇ ಕೇಂದ್ರವಿದೆ, ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಥೆರಪಿ ಸಂಸ್ಥೆ ಇದೆ. ಯಾವ ರಕ್ತಪರೀಕ್ಷೆ, ಯಾವ ಇಂಜೆಕ್ಷನ್ ಊರ ಹತ್ತಿರವೇ ಆದೀತು ಎಂದು ನಿಮ್ಮ ಡಾಕ್ಟರನ್ನೇ ಕೇಳಿ, ಕಾಗದದ ಮೇಲೆ ಬರೆಸಿಕೊಳ್ಳಿ.

ಊರಿಗೆ ಹೋಗುವಾಗ ಚೀಲದಲ್ಲಿ ಇರಲೇಬೇಕಾದದ್ದು ಒಂದು ಡಿಜಿಟಲ್ ಥರ್ಮಾಮೀಟರ್. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕೀಮೋ ಆದ ಮೇಲೆ ಒಂದೆರಡು ವಾರ ಮಗುವಿನ ಬಿಳಿ ರಕ್ತಕಣ ತೀರ ಇಳಿದಿರುತ್ತದೆ. ಆಗ ಬರುವ ಜ್ವರ ಮಾಮೂಲಿ ಜ್ವರವಲ್ಲ. ರಾತ್ರಿ ಹತ್ತಕ್ಕೆ ಮೈ ಬೆಚ್ಚಗಿದ್ದ ಮಗು ಬೆಳಗಿನ ಹೊತ್ತಿಗೆ ಐಸಿಯುನಲ್ಲಿ ಇರಬಹುದು. ಹಣೆ ಮುಟ್ಟಿ ನೋಡುವುದು ಸಾಲದು. ಥರ್ಮಾಮೀಟರ್ 100.4 ಡಿಗ್ರಿ ತೋರಿಸಿತೆಂದರೆ, ಅಂದರೆ 38 ಸೆಲ್ಸಿಯಸ್, ತಕ್ಷಣ ಆಸ್ಪತ್ರೆಗೆ ಫೋನು ಮಾಡಿ ಹೊರಡಬೇಕು. ಗಡಗಡ ನಡುಗುತ್ತಿದ್ದರೆ ಜ್ವರ ಇರದಿದ್ದರೂ ಹೊರಡಬೇಕು. ಮೊದಲೇ ಪ್ಯಾರಸಿಟಮಾಲ್ ಕುಡಿಸಿ ಜ್ವರ ಇಳಿಸಿದರೆ ಒಳಗಿನ ಸೋಂಕು ಕಾಣದೆ ಹೋಗುತ್ತದೆ. ಡಾಕ್ಟರನ್ನು ಕೇಳಿದ ಮೇಲೇ ಕೊಡಿ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಇಂಜೆಕ್ಷನ್ ಶುರುವಾಗಬೇಕು ಎಂಬುದು ನಿಯಮ. ಬೆಂಗಳೂರು ದೂರವಾದರೆ ಹತ್ತಿರದ ಜಿಲ್ಲಾಸ್ಪತ್ರೆಗೆ ಹೋಗಿ. ಅಲ್ಲಿಯ ಡ್ಯೂಟಿ ಡಾಕ್ಟರಿಗೆ ಈ ಮಗುವಿನ ವಿಷಯ ಗೊತ್ತಿರುವುದಿಲ್ಲ, ವೈರಲ್ ಎಂದು ಸಿರಪ್ ಬರೆದು ಕಳಿಸಿಬಿಡಬಹುದು. ಹಾಗಾಗದಂತೆ ನಿಮ್ಮ ಕ್ಯಾನ್ಸರ್ ಡಾಕ್ಟರಿಂದ ಒಂದು ಚೀಟಿ ಮೊದಲೇ ಬರೆಸಿಟ್ಟುಕೊಳ್ಳಿ: ಈ ಮಗುವಿಗೆ ಕೀಮೋ ನಡೆಯುತ್ತಿದೆ, ಜ್ವರ ಬಂದರೆ ಈ ರಕ್ತಪರೀಕ್ಷೆ, ಈ ಆಂಟಿಬಯೋಟಿಕ್, ಇಷ್ಟು ಡೋಸು, ಈ ನಂಬರಿಗೆ ಫೋನು ಮಾಡಿ. ಅದನ್ನು ಫೈಲಿನ ಮೊದಲ ಹಾಳೆಯಾಗಿ ಇಡಿ.

ಸಣ್ಣ ಸಣ್ಣ ಸಂಗತಿಗಳಲ್ಲಿ ಜನ ಹೆದರುವುದು ಹೆಚ್ಚು. ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧಿ ಕೊಟ್ಟ ದಿನ ಮೂತ್ರ ಕೆಂಪಾಗುತ್ತದೆ. ಅದು ರಕ್ತವಲ್ಲ, ಔಷಧಿಯ ಬಣ್ಣ. ಸ್ಟೀರಾಯ್ಡ್ ಮಾತ್ರೆಯ ವಾರಗಳಲ್ಲಿ ಮುಖ ಊದುತ್ತದೆ, ಮಗು ರಾತ್ರಿ ಎರಡು ಗಂಟೆಗೆ ಎದ್ದು ಮಸಾಲೆದೋಸೆ ಬೇಕೆಂದು ಹಟ ಹಿಡಿಯುತ್ತದೆ, ಕಾರಣವಿಲ್ಲದೆ ಅಳುತ್ತದೆ, ಹೊಡೆಯುತ್ತದೆ. ಅದು ಮಾತ್ರೆಯ ಗುಣ, ಮಗುವಿನ ಗುಣ ಕೆಟ್ಟಿಲ್ಲ. ಕೂದಲು ಉದುರಿದ ಮಗುವನ್ನು ಬಸ್ಸಿನಲ್ಲಿ ನೋಡಿ 'ತಿರುಪತಿಗೆ ಮುಡಿ ಕೊಟ್ಟಿರಾ' ಎಂದು ಕೇಳುವವರಿಗೆ ಹೂಂ ಎಂದುಬಿಡುವ ಅಮ್ಮಂದಿರಿದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ. ಸಿಕ್ಕವರಿಗೆಲ್ಲ ವರದಿ ಒಪ್ಪಿಸುವ ಅಗತ್ಯ ನಿಮಗಿಲ್ಲ.

ಊಟದ ವಿಷಯ ಬೇಗ ಮುಗಿಸುತ್ತೇನೆ. ಮನೆಯಲ್ಲಿ ಆಗಷ್ಟೇ ಮಾಡಿದ ಬಿಸಿ ಅಡುಗೆ, ಕುದಿಸಿ ಆರಿಸಿದ ನೀರು, ತೊಳೆದು ಸಿಪ್ಪೆ ಸುಲಿದು ತಿನ್ನುವ ಬಾಳೆ-ಕಿತ್ತಳೆ. ರಸ್ತೆಬದಿ ಕತ್ತರಿಸಿಟ್ಟ ಹಣ್ಣು, ಹಸಿ ಚಟ್ನಿ ಬೇಡ. ಮುದ್ದೆ-ಸಾರು, ಇಡ್ಲಿ, ಬೇಯಿಸಿದ ಮೊಟ್ಟೆ, ಬೇಳೆ ಇವೇ ಸಾಕು. ದುಬಾರಿ ಪ್ರೊಟೀನ್ ಡಬ್ಬಿ ಕೊಳ್ಳುವ ಮೊದಲು ಆಸ್ಪತ್ರೆಯ ಡಯೆಟಿಷಿಯನ್ ಅವರನ್ನು ಕೇಳಿ. ಈ ಮಕ್ಕಳ ಪೌಷ್ಟಿಕತೆಗೆಂದೇ ಕೆಲಸ ಮಾಡುವ ಮುಂಬೈಯ ಕಡಲ್ಸ್ ಫೌಂಡೇಶನ್‌ನಂಥ ಸಂಸ್ಥೆಗಳಿವೆ. ಅಪ್ಪ-ಅಮ್ಮ ಮಾತ್ರ ಉಪವಾಸ ಕೂರಬಾರದು. ಇಂದಿರಾ ಕ್ಯಾಂಟೀನಿನ 10 ರೂಪಾಯಿ ಊಟ ಇರುವುದೇ ನಿಮಗಾಗಿ. ಇನ್ನೊಂದು ಮಾತು, ಪಲ್ಸ್ ಪೋಲಿಯೊದವರು ಮನೆಗೆ ಬಂದಾಗ ಕೀಮೋ ನಡೆಯುತ್ತಿರುವ ಮಗುವಿಗೂ ಅದರ ತಮ್ಮ-ತಂಗಿಗೂ ಹನಿ ಹಾಕಿಸುವ ಮುಂಚೆ ನಿಮ್ಮ ಡಾಕ್ಟರನ್ನು ವಿಚಾರಿಸಿ. ಶಾಲೆಯಲ್ಲೋ ನೆರೆಮನೆಯಲ್ಲೋ ಯಾರಿಗಾದರೂ ಸಿಡುಬಿನಂಥ ಗುಳ್ಳೆ, ಅಂದರೆ ಚಿಕನ್‌ಪಾಕ್ಸ್ ಬಂದರೆ ಅಂದೇ ಆಸ್ಪತ್ರೆಗೆ ತಿಳಿಸಿ.

ರಕ್ತ, ಪ್ಲೇಟ್‌ಲೆಟ್ ಬೇಕೆಂದಾಗ ಓಡಾಡುವುದು ಅಪ್ಪಂದಿರ ಪಾಲಿಗೆ ಬರುತ್ತದೆ. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಡಲಾಗದು, ಅದಕ್ಕೇ ಮತ್ತೆ ಮತ್ತೆ ಕೇಳುತ್ತಾರೆ. ಊರಿನಿಂದ ಬೆಂಗಳೂರಿಗೆ ಬಂದು ಕೆಲಸ ಮಾಡುವ ಹುಡುಗರ ಒಂದು ಪಟ್ಟಿ, ರಕ್ತದ ಗುಂಪು ಸಮೇತ, ಮೊದಲ ವಾರವೇ ಮಾಡಿಕೊಳ್ಳಿ. ಮಜ್ಜೆ ಕಸಿಯ ಸಾಧ್ಯತೆ ಇದ್ದ ಮಗುವಿಗೆ ಒಡಹುಟ್ಟಿದವರ, ತಂದೆ-ತಾಯಿಯ ರಕ್ತ ಬೇಡ ಎನ್ನಬಹುದು. ಆದ್ದರಿಂದ ಕೊಡುವ ಮುಂಚೆ ಕೇಳಿ.

ಓದುವುದಕ್ಕೆ ಏನಾದರೂ ಇದೆಯೇ ಎಂದು ಕೇಳುವ ಪೋಷಕರೆಂದರೆ ನನಗೆ ಸಂತೋಷ. ನಾನು ಮೊದಲು ತೋರಿಸುವುದು ಅವರ ಕೈಯಲ್ಲಿರುವ ಫೈಲನ್ನೇ. ರಕ್ತದ ರಿಪೋರ್ಟಿನಲ್ಲಿ ಮೂರು ಸಾಲು ಓದಲು ಕಲಿಯಿರಿ: ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಟೋಟಲ್ ಕೌಂಟ್. ಟೋಟಲ್ ಕೌಂಟ್ 2,000, ಅದರಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣ ನೂರಕ್ಕೆ 20 ಎಂದಿದ್ದರೆ ಗುಣಿಸಿ ನೂರರಿಂದ ಭಾಗಿಸಿ, 400 ಬಂತು. ಡಾಕ್ಟರುಗಳು ಎ.ಎನ್.ಸಿ. ಎನ್ನುವುದು ಇದಕ್ಕೇ. 500ಕ್ಕಿಂತ ಕೆಳಗಿದ್ದರೆ ಆ ವಾರ ಜಾತ್ರೆ, ಮದುವೆ, ನೆಂಟರು ಯಾವುದೂ ಬೇಡ. ಐದನೇ ಕ್ಲಾಸು ಓದಿದ ತಾಯಂದಿರು ಈ ಲೆಕ್ಕವನ್ನು ರಿಪೋರ್ಟಿನ ಅಂಚಿನಲ್ಲೇ ಪೆನ್ಸಿಲಿನಲ್ಲಿ ಮಾಡಿ ತಂದು ತೋರಿಸುವುದನ್ನು ನೋಡಿದ್ದೇನೆ. ಲೆಕ್ಕ ಗೊತ್ತಾದ ಮೇಲೆ ಅವರು ಡಾಕ್ಟರ ಮುಂದೆ ನಿಲ್ಲುವ ರೀತಿಯೇ ಬದಲಾಗುತ್ತದೆ. ಜೊತೆಗೆ ಒಂದು ನೋಟ್‌ಬುಕ್ ಇಡಿ. ಪ್ರಶ್ನೆ ಹೊಳೆದಾಗಲೇ ಬರೆದುಕೊಳ್ಳಿ, ರೌಂಡ್ಸ್ ಬಂದಾಗ ಎಲ್ಲ ಮರೆತುಹೋಗುತ್ತದೆ.

ಪುಸ್ತಕಗಳ ಮಾತಿಗೆ ಬಂದರೆ, ಇಂಗ್ಲಿಷಿನಲ್ಲಿ ಒಳ್ಳೆಯವು ಬೇಕಾದಷ್ಟಿವೆ. ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಪ್ರಕಟಿಸಿರುವ 'ಚಿಲ್ಡ್ರನ್ ವಿತ್ ಕ್ಯಾನ್ಸರ್: ಎ ಗೈಡ್ ಫಾರ್ ಪೇರೆಂಟ್ಸ್', ಅಲ್ಲಿಯದೇ ಚಿಲ್ಡ್ರನ್ಸ್ ಆಂಕಾಲಜಿ ಗ್ರೂಪ್‌ನ ಕುಟುಂಬ ಕೈಪಿಡಿ, ಎರಡೂ ಇಂಟರ್‌ನೆಟ್ಟಿನಲ್ಲಿ ಉಚಿತ. ಕಾಲೇಜು ಓದುವ ಅಕ್ಕನ ಮಗನಿಗೋ ತಂಗಿಗೋ ಓದಲು ಹೇಳಿ, ದಿನಕ್ಕೊಂದು ಅಧ್ಯಾಯ ಕನ್ನಡದಲ್ಲಿ ನಿಮಗೆ ಹೇಳಲಿ. ಕನ್ನಡದಲ್ಲಿ ದೊಡ್ಡವರ ಅನುಭವಕಥನಗಳಿವೆ. ಬಿ.ವಿ. ಭಾರತಿ ಅವರ 'ಸಾಸಿವೆ ತಂದವಳು' ಅಂಥದ್ದು. ಅದು ಸ್ತನ ಕ್ಯಾನ್ಸರಿನ ಕಥೆ, ಅಲ್ಲಿಯ ಚಿಕಿತ್ಸೆಯನ್ನು ನಿಮ್ಮ ಮಗುವಿನದರ ಜೊತೆ ಹೋಲಿಸಬಾರದು. ಆದರೆ ಕಾಯಿಲೆ ಬಂದ ಮನೆಯೊಳಗಿನ ದಿನಗಳು ಹೇಗಿರುತ್ತವೆ ಎಂದು ನಮ್ಮದೇ ಭಾಷೆಯಲ್ಲಿ ಓದುವುದು ಬೇರೆಯೇ ಸಮಾಧಾನ. ಪೋಷಕರಿಗೆಂದೇ ಕನ್ನಡದಲ್ಲಿ ಬರೆದ ಕೈಪಿಡಿಗಳು ಅಂಗಡಿಯಲ್ಲಿ ಹೆಸರು ಹೇಳಿ ಕೊಳ್ಳುವಷ್ಟು ಹಬ್ಬಿಲ್ಲ, ಇದು ನಮ್ಮ ವೈದ್ಯಲೋಕ ತೀರಿಸಬೇಕಾದ ಬಾಕಿ. ವಾರ್ಡಿನಲ್ಲಿ ಕರಪತ್ರಗಳಿದ್ದರೆ ಕೇಳಿ ಪಡೆಯಿರಿ.

ಸಿದ್ಧಾರ್ಥ ಮುಖರ್ಜಿಯವರ 'ದಿ ಎಂಪರರ್ ಆಫ್ ಆಲ್ ಮ್ಯಾಲಡೀಸ್' ದಪ್ಪ ಪುಸ್ತಕ, ಚಿಕಿತ್ಸೆಯ ಗಡಿಬಿಡಿಯಲ್ಲಿ ಬೇಡ. ಮುಂದೆ ಬಿಡುವಾದಾಗ ಓದಿದರೆ 1947-48ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಮೊದಲ ಬಾರಿ ಔಷಧಿ ಕೊಟ್ಟ ಕಥೆ ಸಿಗುತ್ತದೆ. ಆ ಔಷಧಿಯನ್ನು ತಯಾರಿಸಿ ಕೊಟ್ಟ ತಂಡದ ಮುಖ್ಯಸ್ಥ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದೇ ಕುಲದ ಮೆಥೊಟ್ರೆಕ್ಸೇಟ್ ಎಂಬ ಹಳದಿ ಔಷಧಿ ಇವತ್ತಿಗೂ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಬೆನ್ನಿಗೆ ಕೊಡುವ ಇಂಜೆಕ್ಷನ್ನಿನಲ್ಲಿದೆ. ಓದಬಾರದ್ದು ಯಾವುದೆಂದರೆ ವಾಟ್ಸ್ಆ್ಯಪ್‌ನಲ್ಲಿ ಬರುವ 'ಕ್ಯಾನ್ಸರಿಗೆ ರಾಮಬಾಣ'ಗಳು, ಮತ್ತು ರಾತ್ರಿ ನಿದ್ದೆ ಬಾರದೆ ಮೊಬೈಲಿನಲ್ಲಿ ಹುಡುಕುವ ಬದುಕುಳಿಯುವ ಶೇಕಡಾವಾರುಗಳು. ಆ ಅಂಕಿಗಳು ಯಾವ ದೇಶದವು, ಯಾವ ವಯಸ್ಸಿನವರವು, ಯಾವ ಬಗೆಯ ಕ್ಯಾನ್ಸರಿನವು ಎಂಬುದು ಆ ಹೊತ್ತಿನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಮಗುವಿಗೂ ಓದಲು ಬೇಕು. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಚಿತ್ರಗಳಿರುವ ಕನ್ನಡ ಕಥೆಗಳು ಸಾಕಷ್ಟಿವೆ, ಮೊಬೈಲಿನಲ್ಲೇ ಉಚಿತ. ಡ್ರಿಪ್ ಇಳಿಯುವ ನಾಲ್ಕು ಗಂಟೆ ಯೂಟ್ಯೂಬ್ ಕಾರ್ಟೂನಿಗಿಂತ ಅಮ್ಮ ಓದಿ ಹೇಳುವ ಕಥೆ ಮೇಲು. ಓದಲು ಬಾರದ ಅಮ್ಮ ಚಿತ್ರ ನೋಡಿ ತಾನೇ ಕಥೆ ಕಟ್ಟಿದರೂ ಆಯಿತು. ಕಿದ್ವಾಯಿಯಲ್ಲಿ ಚಿಕಿತ್ಸೆಯಲ್ಲಿರುವ ಮಕ್ಕಳಿಗೆ ಪಾಠ ಹೇಳುವ ಕೆಲಸವನ್ನು ಬೆಂಗಳೂರಿನ ಸಮೀಕ್ಷಾ ಫೌಂಡೇಶನ್ ಮಾಡಿಕೊಂಡು ಬಂದಿದೆ. ಪಾಠ ಯಾಕೆ ಈಗ ಎನ್ನಬೇಡಿ. ಹೋಂವರ್ಕ್ ಇದೆ ಎಂದರೆ ಮುಂದಿನ ವರ್ಷವೂ ಇದೆ ಎಂದು ಮಗು ತಿಳಿದುಕೊಳ್ಳುತ್ತದೆ. ಊರಿನ ಶಾಲೆಯ ಹೆಡ್‌ಮಾಸ್ತರಿಗೆ ಆಸ್ಪತ್ರೆಯ ಪತ್ರ ಕಳಿಸಿ, ಹೆಸರು ತೆಗೆಯದಂತೆ ಕೇಳಿಕೊಳ್ಳಿ. ಮಗು ವಾಪಸ್ ಹೋಗುವ ಮುಂಚೆ ಮೇಷ್ಟ್ರು ಕ್ಲಾಸಿನಲ್ಲಿ ಇದು ಅಂಟುವ ಕಾಯಿಲೆ ಅಲ್ಲ ಎಂದು ಹೇಳಲಿ.

ಮಗುವಿಗೆ ಏನು ಹೇಳಬೇಕು? ನಿಜವನ್ನು, ಅದರ ವಯಸ್ಸಿಗೆ ತಕ್ಕಷ್ಟು. ಐದು ವರ್ಷದ್ದಕ್ಕೆ 'ನಿನ್ನ ರಕ್ತಕ್ಕೆ ಕಾಯಿಲೆಯಾಗಿದೆ ಪುಟ್ಟಾ, ಔಷಧಿ ಕೊಟ್ಟು ವಾಸಿ ಮಾಡ್ತಾರೆ, ಸೂಜಿ ಚುಚ್ಚಿದಾಗ ನೋವಾಗುತ್ತೆ, ನಾನು ಕೈ ಹಿಡ್ಕೊಂಡಿರ್ತೀನಿ' ಎಂದರೆ ಸಾಕು. ನೋವೇ ಆಗಲ್ಲ ಎಂದು ಹೇಳಿ ಒಳಗೆ ಕರೆದೊಯ್ದರೆ ಎರಡನೇ ಸಲ ನಿಮ್ಮನ್ನೂ ನಂಬುವುದಿಲ್ಲ. ಹನ್ನೆರಡು ದಾಟಿದವರು ಮೊಬೈಲಿನಲ್ಲಿ ತಾವೇ ಹುಡುಕಿ ತಿಳಿದುಕೊಂಡಿರುತ್ತಾರೆ. ಅವರ ಮುಂದೆ ಪಿಸುಗುಟ್ಟುವುದು ಬೇಡ, ಡಾಕ್ಟರ ಜೊತೆ ಮಾತಾಡುವಾಗ ಕೂರಿಸಿಕೊಳ್ಳಿ. ಅಜ್ಜಿಮನೆಯಲ್ಲಿ ಬಿಟ್ಟುಬಂದ ಮಗುವನ್ನೂ ಮರೆಯಬಾರದು. ತಾನು ತಮ್ಮನಿಗೆ ಹೊಡೆದದ್ದಕ್ಕೇ ಹೀಗಾಯಿತೇನೋ ಎಂಬ ಭಯ ಆ ಮಗುವಿಗಿರಬಹುದು. ದಿನಾ ಒಂದು ಹೊತ್ತು ಅದಕ್ಕೆಂದೇ ಫೋನು ಮಾಡಿ, ಆಸ್ಪತ್ರೆಯ ಸುದ್ದಿ ಬಿಟ್ಟು ಶಾಲೆಯ ಮಾತಾಡಿ.

ನಿಮ್ಮ ಮನಸ್ಸಿಗೂ ಆಸರೆ ಬೇಕು. ಕಾಂಪೌಂಡಿನ ಆಚೆಯೇ ನಿಮ್ಹಾನ್ಸ್ ಇದ್ದೂ ಅಲ್ಲಿಗೆ ಹೋದರೆ ಜನ ಏನೆನ್ನುತ್ತಾರೋ ಎಂಬ ಅಂಜಿಕೆ ಇದೆ. ಹೋಗಲಾಗದಿದ್ದರೆ 14416ಕ್ಕೆ ಫೋನು ಮಾಡಿ, ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಪ್ಪಂದಿರಿಗೆ ಇದನ್ನು ಒತ್ತಿ ಹೇಳುತ್ತೇನೆ. ಅಮ್ಮಂದಿರು ವಾರ್ಡಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡು ಅಳುತ್ತಾರೆ. ಅಪ್ಪಂದಿರು ಹೊರಗೆ ಟೀ ಅಂಗಡಿ ಮುಂದೆ ಒಬ್ಬರೇ ನಿಂತಿರುತ್ತಾರೆ, ಕೆಲವರು ಕುಡಿತಕ್ಕೆ ಬೀಳುತ್ತಾರೆ.

ಎಲ್ಲ ಮಕ್ಕಳೂ ಗುಣವಾಗುವುದಿಲ್ಲ. ಇದನ್ನೂ ಹೇಳದೆ ಬಿಡಲಾರೆ. ಪ್ಯಾಲಿಯೇಟಿವ್ ಕೇರ್ ಎಂದರೆ ಕೈಬಿಟ್ಟರು ಎಂದಲ್ಲ. ನೋವು, ವಾಂತಿ, ಉಬ್ಬಸ ಕಡಿಮೆ ಮಾಡುವ ಆ ಆರೈಕೆ ಚಿಕಿತ್ಸೆಯ ಮೊದಲ ದಿನದಿಂದಲೂ ಜೊತೆಗೇ ನಡೆಯಬಹುದು. ಕಾಯಿಲೆ ಕೈಮೀರಿದಾಗ ಮಾರತ್ತಹಳ್ಳಿ ಕಡೆಯ ಕರುಣಾಶ್ರಯದಂಥ ಸಂಸ್ಥೆ ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತದೆ, ಮನೆಗೆ ಬಂದು ಆರೈಕೆ ಮಾಡುವ ತಂಡವೂ ಅದಕ್ಕಿದೆ. ಆ ಹೊತ್ತಿನಲ್ಲಿ ಇರುವ ಜಮೀನು ಮಾರಿ ಇನ್ನೊಂದು ದೊಡ್ಡ ಆಸ್ಪತ್ರೆಗೆ ಓಡುವ ಮೊದಲು, ಇಲ್ಲಿಯ ಡಾಕ್ಟರ ಎದುರು ಕೂತು 'ಇದರಿಂದ ಮಗುವಿಗೆ ಏನು ಸಿಗುತ್ತೆ' ಎಂದು ನೇರವಾಗಿ ಕೇಳಿ. ಇನ್ನೊಂದು ಕಡೆಯ ಅಭಿಪ್ರಾಯ ಕೇಳುವುದು ನಿಮ್ಮ ಹಕ್ಕು. ಯಾವ ಡಾಕ್ಟರೂ ಅದಕ್ಕೆ ಬೇಸರ ಮಾಡಿಕೊಳ್ಳಬಾರದು.

ಚಿಕಿತ್ಸೆ ಮುಗಿಸಿ ಹೋಗುವ ದಿನ ವಾರ್ಡಿನಲ್ಲಿ ಸಿಹಿ ಹಂಚುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಗಡಿಬಿಡಿಯಲ್ಲಿ ಒಂದು ಕಾಗದ ಮಾತ್ರ ಬಿಟ್ಟು ಹೋಗಬೇಡಿ: ಚಿಕಿತ್ಸೆಯ ಸಾರಾಂಶ. ಯಾವ ಕ್ಯಾನ್ಸರ್, ಯಾವ ಯಾವ ಔಷಧಿ ಒಟ್ಟು ಎಷ್ಟು ಕೊಟ್ಟರು, ವಿಕಿರಣ ಎಲ್ಲಿಗೆ ಎಷ್ಟು ಎಂಬುದೆಲ್ಲ ಅದರಲ್ಲಿ ಇರಬೇಕು. ಡಾಕ್ಸೊರುಬಿಸಿನ್ ಎಂಬ ಆ ಕೆಂಪು ಔಷಧಿ ಹೆಚ್ಚು ಪಡೆದವರ ಹೃದಯವನ್ನು ಎಷ್ಟೋ ವರ್ಷಗಳ ಮೇಲೂ ಎಕೋ ಮಾಡಿ ನೋಡಬೇಕಾಗುತ್ತದೆ, ಸಿಸ್‌ಪ್ಲಾಟಿನ್ ಪಡೆದವರ ಕಿವಿಯನ್ನು ಪರೀಕ್ಷಿಸಬೇಕಾಗುತ್ತದೆ. ಇವತ್ತು ಆರು ವರ್ಷದ ಹುಡುಗಿಗೆ ಮುಂದೆ ಹೆರಿಗೆ ಮಾಡಿಸುವ ಡಾಕ್ಟರಿಗೂ ಆ ಕಾಗದ ಬೇಕಾದೀತು. ಒಂದು ಪ್ರತಿ ಫೈಲಿನಲ್ಲಿ, ಒಂದು ಅಪ್ಪನ ಮೊಬೈಲಿನಲ್ಲಿ, ಒಂದು ಬೀರುವಿನಲ್ಲಿ ಜಾತಕ, ಮಾರ್ಕ್ಸ್ ಕಾರ್ಡಿನ ಜೊತೆ ಇಡಿ. ಹದಿನೆಂಟು ತುಂಬಿದಾಗ ಅವಳ ಕೈಗೇ ಕೊಡಿ.